ಹೊಗೆಗೊಂದು ದಾರಿ

ಮಾಗಿ ಕಾಲದಲ್ಲಿ ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಡುವ ನಸುಕಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ನನ್ನ ಕಣ್ಣು ಊರುಗಳ ಹೊಗೆಯ ಮೇಲೆಯೇ ಇರುತ್ತದೆ. ಭತ್ತ ಕೊಯ್ದ ಗದ್ದೆಗಳ ಮೇಲೆ ಮಂಜು ಕವಿದಿರುತ್ತದೆ. ಕೆ.ಎಂ. ದೊಡ್ಡಿ ಹತ್ತಿರವಾದಂತೆ ಸಕ್ಕರೆ ಕಾರ್ಖಾನೆಯ ಚಿಮಣಿ ದೂರದಿಂದಲೇ ಕಾಣುತ್ತದೆ. ಆದರೆ ನಾನು ನೋಡುವುದು ರಸ್ತೆ ಪಕ್ಕದ ಮನೆಗಳನ್ನು. ಒಂದು ಮನೆಯ ಬಚ್ಚಲ ಮೇಲಿನ ಕೊಳವೆಯಿಂದ ತೆಳ್ಳಗಿನ ಹೊಗೆ ನೆಟ್ಟಗೆ ಮೇಲೆದ್ದಿರುತ್ತದೆ. ಅದರ ಮಗ್ಗುಲ ಮನೆಗೂ ಕೊಳವೆ ಉಂಟು, ಅದರ ಬಾಯಲ್ಲಿ ಹೊಗೆಯಿಲ್ಲ. ಹೊಗೆಯೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ, ಸೂರಿನ ಸಂದಿಯಲ್ಲಿ ನುಸುಳಿಕೊಂಡು ಬರುತ್ತಿರುತ್ತದೆ. ಆ ಮನೆಯೊಳಗೆ ಯಾರೋ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಂಡೆಯ ಒಲೆ ಊದುತ್ತಿದ್ದಾರೆ ಅನ್ನುವುದು ಬಸ್ಸಿನಲ್ಲಿ ಕೂತೇ ತಿಳಿಯುತ್ತದೆ.

ಹೊಗೆ ಎಲ್ಲಿಂದ ಹೊರಬೀಳುತ್ತದೆ ಅನ್ನುವುದನ್ನು ನೋಡಿ ಆ ಮನೆಯವರ ಎದೆ, ಕಣ್ಣು ಹೇಗಿರಬಹುದೆಂದು ಅಂದಾಜು ಮಾಡಬಹುದು. ಕೊಳವೆ ಇರುವುದು ಬೇರೆ, ಕೊಳವೆಯ ಒಳಗೆ ದಾರಿ ಇರುವುದು ಬೇರೆ. ಈ ಎರಡರ ನಡುವಿನ ಅಂತರ ವರ್ಷಕ್ಕೊಂದು ಬೆಳಗಿನ ಕೆಲಸ. ಆ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ದಿಕ್ಕಿಲ್ಲದೆ ಹೋಗಿದೆ ಅನ್ನುವ ಸಂಕಟವೇ ಈ ಬರಹಕ್ಕೆ ಕಾರಣ.

ಹಳೆಯ ಮನೆಗಳಲ್ಲಿ ಹೊಗೆಗೆ ಪ್ರತ್ಯೇಕ ದಾರಿಯೇ ಬೇಕಿರಲಿಲ್ಲ. ಮಾಡಿಗೆ ನಾಡಹೆಂಚು ಹೊದಿಸಿರುತ್ತಿದ್ದರು, ಹೆಂಚು ಹೆಂಚಿನ ನಡುವೆ ಸಂದಿ ಇರುತ್ತಿತ್ತು. ಬಡವರ ಗುಡಿಸಲಿಗೆ ಕಬ್ಬಿನ ಸೋಗೆ. ಒಲೆಯಿಂದೆದ್ದ ಹೊಗೆ ಅಟ್ಟಕ್ಕೆ ತಾಗಿ, ತೊಲೆ ಜಂತೆಗಳನ್ನು ಸವರಿಕೊಂಡು, ನಿಧಾನವಾಗಿ ಹೆಂಚಿನ ಸಂದಿಗಳಲ್ಲಿ ಹೊರಗೆ ಸೋರಿಹೋಗುತ್ತಿತ್ತು. ಆ ಹೊಗೆಯಿಂದ ಉಪಕಾರವೂ ಇತ್ತು. ಅಟ್ಟದಲ್ಲಿಟ್ಟ ಬಿತ್ತನೆ ರಾಗಿಗೆ, ಅವರೆಗೆ, ನೇತುಹಾಕಿದ ಬೆಳ್ಳುಳ್ಳಿ ಗೊಂಚಲಿಗೆ ಹುಳು ಹತ್ತುತ್ತಿರಲಿಲ್ಲ. ಬಿದಿರಿನ ಗಳಗಳು ಹೊಗೆ ಕುಡಿದು ಕುಡಿದು ಕಪ್ಪಗೆ ಗಟ್ಟಿಯಾಗಿ ತಲೆಮಾರುಗಟ್ಟಲೆ ಬಾಳುತ್ತಿದ್ದವು. ಹಬ್ಬ ಬಂತೆಂದರೆ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಇಲ್ಲಣ ಹೊಡೆದು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಮನೆಗೆ ಕೂತ ಮಸಿಗೆ ಆ ದಿನ ಬಿಡುಗಡೆ. ಆದರೆ ಒಲೆಯ ಮುಂದೆ ಕೂತವರ ಎದೆಯೊಳಗಿನ ಮಸಿಯನ್ನು ಯಾವ ಹಬ್ಬವೂ ಗುಡಿಸಲಿಲ್ಲ. ಅಜ್ಜಿಯರ ಕೆಮ್ಮನ್ನು ವಯಸ್ಸಿನ ಲೆಕ್ಕಕ್ಕೆ, ಕಣ್ಣಿನ ಪೊರೆಯನ್ನು ಹಣೆಬರಹದ ಲೆಕ್ಕಕ್ಕೆ ಹಾಕಿಬಿಟ್ಟೆವು. ಸೌದೆಯ ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ದಮ್ಮು ತರುತ್ತವೆ, ಹಸುಗೂಸುಗಳಿಗೆ ನ್ಯುಮೋನಿಯಾ ತರುತ್ತವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಹೊಗೆಗೆ ದಾರಿ ಮಾಡಿಕೊಡಬೇಕೆಂದು ಮನಸ್ಸಿಟ್ಟು ದುಡಿದವರು ನಮ್ಮ ನಾಡಿನಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಆರಂಭಿಸಿದರು. ವಿಜ್ಞಾನವನ್ನು ಹಳ್ಳಿಯ ಬಾಗಿಲಿಗೆ ತರುವುದು ಅದರ ಉದ್ದೇಶ. ಮದ್ದೂರಿಗೆ ತಾಗಿಕೊಂಡೇ ಇರುವ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಎಷ್ಟು ದೂರದಿಂದ ಹೊತ್ತು ತರುತ್ತಾರೆ ಎಂದು ಲೆಕ್ಕ ಹಾಕಿದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದೇ, ಅದರಲ್ಲಿ ಹೆಚ್ಚಿನದು ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆ ಹೋಗುತ್ತದೆ ಅನ್ನುವುದು ಆ ಲೆಕ್ಕದಿಂದ ಗಟ್ಟಿಯಾಗಿ ತಿಳಿಯಿತು. ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. 1980ರ ದಶಕದ ಆರಂಭದಲ್ಲಿ ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಾಸ್ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದರು.

ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಉರಿಯುವ ಜಾಗದ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ. ಮೊದಲ ಪಾತ್ರೆಗೆ ತಾಗಿದ ಬೆಂಕಿಯ ಬಿಸಿ ಎರಡನೆಯದಕ್ಕೂ ಮೂರನೆಯದಕ್ಕೂ ಹಾದು, ಕೊನೆಗೆ ಹೊಗೆ ಕೊಳವೆ ಹಿಡಿದು ಮಾಡಿನಾಚೆ ಹೋಗಬೇಕು. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿಯಲ್ಲಿ ಪಾತ್ರೆಗೆ ಸೇರುತ್ತಿದ್ದದ್ದು ಹತ್ತರಲ್ಲೊಂದು ಪಾಲಿನ ಆಸುಪಾಸು. ಈ ಒಲೆಯಲ್ಲಿ ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದು ಶೇ. 40ರ ಹತ್ತಿರಕ್ಕೆ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನು ಊರೂರಿಗೆ ತಲುಪಿಸಲು ಕೈಜೋಡಿಸಿತು. ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನೇ ಹಮ್ಮಿಕೊಂಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ್ದೇವೆಂದು ಸರ್ಕಾರ ಲೆಕ್ಕ ಕೊಟ್ಟಿತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಈಗಲೂ ಕೆಲವು ಮನೆಗಳ ಮಾಡಿನ ಮೇಲೆ ಬೂದು ಬಣ್ಣದ ಕಲ್ನಾರು ಕೊಳವೆ ನಿಂತಿರುವುದು ಕಾಣುತ್ತದೆ. ಕೆಳಗೆ ಒಲೆ ಇರುವುದಿಲ್ಲ, ಇದ್ದರೂ ಅದು ಆ ಒಲೆಯಾಗಿರುವುದಿಲ್ಲ. ಅಷ್ಟು ಒಳ್ಳೆಯ ಒಲೆ ಯಾಕೆ ಉಳಿಯಲಿಲ್ಲ ಎಂದು ಕೇಳಿದರೆ ಜನ ಹಲವು ಕಾರಣ ಹೇಳುತ್ತಾರೆ. ದಪ್ಪ ಸೌದೆ ಹಿಡಿಸದು, ಮುದ್ದೆ ಕೂಡುವಾಗ ಪಾತ್ರೆ ಅಲುಗಾಡುತ್ತದೆ, ಜಾಲರಿ ತುಕ್ಕು ಹಿಡಿಯಿತು. ಆದರೆ ಕೊನೆಗೆ ಎಲ್ಲರ ಮಾತೂ ಬಂದು ನಿಲ್ಲುವುದು ಕೊಳವೆಯ ಹತ್ತಿರ. ಮಳವಳ್ಳಿ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಅದನ್ನು ನೇರವಾಗಿ ಹೇಳುತ್ತಾರೆ: “ಕಟ್ಟೋರು ಬಂದ್ರು, ಕಟ್ಬುಟ್ಟು ಹೋದ್ರು. ಕೊಳ್ವೆ ಕಟ್ಕಂಡ್ರೆ ಯಾರ್ನ ಕೇಳ್ಬೇಕು ಅಂತ ಮಾತ್ರ ಯಾರೂ ಹೇಳ್ನಿಲ್ಲ ಕಣ್ ಮಗ.”

ಕೊಳವೆ ಯಾಕೆ ಕಟ್ಟಿಕೊಳ್ಳುತ್ತದೆ? ಬಿಸಿ ಗಾಳಿ ಹಗುರ, ತಣ್ಣನೆಯದು ಭಾರ. ಒಲೆಯ ಬಿಸಿ ಗಾಳಿ ಕೊಳವೆಯೊಳಗೆ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ಒಳನುಗ್ಗುತ್ತದೆ. ಈ ಸೆಳೆತದಿಂದಲೇ ಬೆಂಕಿ ಚೆನ್ನಾಗಿ ಉರಿಯುತ್ತದೆ, ಹೊಗೆಯೂ ಹೊರಗೆ ಹೋಗುತ್ತದೆ. ಸೌದೆ ಹಸಿಯಾಗಿದ್ದರೆ ಬೆಂಕಿಯ ಬಿಸಿ ಮೊದಲು ಅದರೊಳಗಿನ ನೀರನ್ನು ಆರಿಸುವುದಕ್ಕೇ ಸವೆದುಹೋಗುತ್ತದೆ. ಹೊಗೆ ತಣ್ಣಗಾಗುತ್ತದೆ, ಅದರಲ್ಲಿನ ಅಂಟು ಕೊಳವೆಯ ಗೋಡೆಗೆ ಹಿಡಿಯುತ್ತದೆ, ಅಂಟಿಗೆ ಮಸಿ ಹತ್ತುತ್ತದೆ. ನಮ್ಮ ಕಡೆ ಒಲೆಗೆ ಬೀಳುವುದೇನು? ತೆಂಗಿನ ಮಟ್ಟೆ, ಗರಿ, ಸಿಪ್ಪೆ, ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸಿಕೊಂಡು ಉಳಿದ ಹಿಪ್ಪುನೇರಳೆ ಕಡ್ಡಿ, ಬೆರಣಿ, ಬೇಲಿಯ ಪುಳ್ಳೆ. ಒಣಗಿದ್ದಾಗ ಇವೆಲ್ಲ ಚೆನ್ನಾಗಿಯೇ ಉರಿಯುತ್ತವೆ. ಮಳೆಗಾಲದಲ್ಲಿ ಅರೆಹಸಿಯಾಗಿ ಒಲೆ ಸೇರಿದವೆಂದರೆ ಮಾತ್ರ ಕೊಳವೆ ಬೇಗ ಕಟ್ಟುತ್ತದೆ.

ಇದರ ಲೆಕ್ಕ ನೋಡಿದರೆ ಗಾಬರಿಯಾಗುತ್ತದೆ. ಮೂರು ಇಂಚಿನ ಕೊಳವೆಯ ಒಳಸುತ್ತಿಗೆ ಅರ್ಧ ಇಂಚು ಮಸಿ ಕೂತಿತೆಂದು ಇಟ್ಟುಕೊಳ್ಳಿ. ಉಳಿಯುವುದು ಎರಡಿಂಚಿನ ದಾರಿ. ಮೇಲಿಂದ ಇಣುಕಿದವರಿಗೆ ಇನ್ನೂ ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಆದರೆ ಹೊಗೆ ಹಾಯುವ ಜಾಗ ಒಂಬತ್ತು ಪಾಲಿನಲ್ಲಿ ನಾಲ್ಕು ಪಾಲಿಗೆ ಇಳಿದಿರುತ್ತದೆ, ಅರ್ಧಕ್ಕಿಂತ ಕಡಿಮೆ. ಕೊಳವೆ ಎಲ್ಲಾದರೂ ಬಾಗಿದ್ದರೆ ಆ ಬಾಗಿನಲ್ಲಿ ಇನ್ನೂ ದಪ್ಪಗೆ ಕೂತಿರುತ್ತದೆ. ಅಲ್ಲಿಂದ ಮುಂದೆ ಹೊಗೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ ಅಡುಗೆ ಮಾಡುವವರ ಮುಖಕ್ಕೆ ಹೊಡೆಯುತ್ತದೆ.

ಈ ಕಥೆ ನಮ್ಮ ಮಂಡ್ಯ ಜಿಲ್ಲೆಗೆ ಮಾತ್ರ ಸೇರಿದ್ದಲ್ಲ. ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡಫ್ಲೊ, ಅವರ ಜೊತೆ ಮೈಕೆಲ್ ಗ್ರೀನ್‌ಸ್ಟೋನ್ ಮತ್ತು ರೆಮಾ ಹನ್ನಾ ಒಡಿಶಾದ 44 ಹಳ್ಳಿಗಳ ಸುಮಾರು 2,600 ಮನೆಗಳಲ್ಲಿ ಚಿಮಣಿ ಒಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೊದಲ ವರ್ಷ ಒಳಗೆ ಎಳೆದುಕೊಳ್ಳುವ ಹೊಗೆ ಕಡಿಮೆಯಾಯಿತು. ಆಮೇಲೆ ಹೊಸ ಒಲೆ ಇದ್ದ ಮನೆಗೂ ಇಲ್ಲದ ಮನೆಗೂ ಏನೂ ವ್ಯತ್ಯಾಸ ಉಳಿಯಲಿಲ್ಲ. ಒಲೆ ಮುರಿದಾಗ ಸರಿಮಾಡಲಿಲ್ಲ, ಬೇಕಾದ ಆರೈಕೆ ನಡೆಯಲಿಲ್ಲ, ಬಳಕೆ ಕಡಿಮೆಯಾಗುತ್ತ ಬಂತು. ವರದಿಯ ಇಂಗ್ಲಿಷನ್ನು ಬದಿಗಿಟ್ಟರೆ ನನ್ನ ಅತ್ತೆ ಆಡಿದ ಮಾತೂ ಅದೇ. ಒಲೆ ಹಂಚುವುದಕ್ಕೆ ಯೋಜನೆ ಇತ್ತು, ಮಸಿ ತೆಗೆಯುವುದಕ್ಕೆ ಇರಲಿಲ್ಲ. ಕಟ್ಟಿದ್ದಕ್ಕೆ ಅಂಕಿ ಬರೆದರು, ಉರಿಯುತ್ತಿರುವುದಕ್ಕೆ ಅಂಕಿ ಬರೆಯಲಿಲ್ಲ.

ಅತ್ತೆಯ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಬಚ್ಚಲಲ್ಲಿ ಮಾತ್ರ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಯ ಬೆನ್ನಿಗೆ ಕೊಳವೆ. ಆ ಕೊಳವೆಯನ್ನು ಅವರು ಪ್ರತಿ ವರ್ಷ ಮಾಗಿಗೆ ಮೊದಲು ಬಿಡಿಸುತ್ತಾರೆ. ಅದನ್ನು ಹತ್ತಿರ ನಿಂತು ನೋಡಿದ್ದೇನೆ, ಹಗ್ಗವನ್ನೂ ಎಳೆದಿದ್ದೇನೆ. ಹಿಂದಿನ ರಾತ್ರಿಯೇ ಒಲೆ ಆರಿಸಿ, ಬೂದಿ ತೋಡಿ, ತಣ್ಣಗಾಗಲು ಬಿಟ್ಟಿರುತ್ತಾರೆ. ಬೆಳಗ್ಗೆ ಹಂಡೆಯ ಬಾಯಿಗೆ ತಟ್ಟೆ ಮುಚ್ಚಿ, ಒಲೆಯ ಬಾಯಿಗೆ ನೆನೆಸಿ ಹಿಂಡಿದ ಗೋಣಿತಟ್ಟನ್ನು ಒತ್ತಿ ಕೂರಿಸುತ್ತಾರೆ. ಮಸಿ ಬಚ್ಚಲ ತುಂಬ ಹಾರಬಾರದು. ಮಗ ಏಣಿ ಹಾಕಿ ತಾರಸಿ ಹತ್ತಿ ಕೊಳವೆಯ ತಲೆಯ ಮೇಲಿನ ತಗಡಿನ ಟೋಪಿ ತೆಗೆಯುತ್ತಾನೆ. ಉದ್ದನೆಯ ಹಗ್ಗದ ತುದಿಗೆ ಕಲ್ಲು, ನಡುವೆ ಸವೆದ ತೆಂಗಿನ ಕಡ್ಡಿ ಪೊರಕೆಯನ್ನು ದುಂಡಗೆ ಬಿಗಿದು ಕಟ್ಟಿರುತ್ತಾರೆ. ಕಲ್ಲು ಸದ್ದು ಮಾಡಿಕೊಂಡು ಕೆಳಗಿಳಿದು ಒಲೆಯೊಳಗೆ ಬೀಳುತ್ತದೆ. ಆಮೇಲೆ ಮೇಲಿನವನು ಒಂದು ಸಲ ಎಳೆಯುತ್ತಾನೆ, ಕೆಳಗಿನವರು ಒಂದು ಸಲ ಎಳೆಯುತ್ತಾರೆ. ಮೊದಮೊದಲು ಪೊರಕೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕಾರು ಎಳೆತವಾದ ಮೇಲೆ ಸರಾಗವಾಗಿ ಓಡಾಡತೊಡಗುತ್ತದೆ, ಸದ್ದೂ ಬದಲಾಗುತ್ತದೆ.

ಗೋಣಿ ತೆಗೆದು ನೋಡಿದರೆ ಒಲೆಯೊಳಗೆ ಮಸಿಯ ಗುಡ್ಡೆ. ಪುಡಿ ಮಸಿ, ಹಪ್ಪಳ ಹಪ್ಪಳವಾಗಿ ಎದ್ದುಬಂದ ಮಸಿ, ಒಂದು ಸಲ ಕಣಜದ ಹುಳುವಿನ ಮಣ್ಣುಗೂಡು, ಇನ್ನೊಂದು ಸಲ ಅಳಿಲು ತಂದು ತುರುಕಿದ ತೆಂಗಿನ ನಾರು. ಅತ್ತೆ ಅದರ ಮೇಲೆ ನೀರು ಚಿಮುಕಿಸಿ, ಮಂಕರಿಗೆ ತುಂಬಿ ತಿಪ್ಪೆಗೆ ಹಾಕುತ್ತಾರೆ. ಕೊನೆಗೆ ಅವರದೇ ಒಂದು ಪರೀಕ್ಷೆ ಇದೆ. ದೇವರ ಮನೆಯಿಂದ ಊದುಬತ್ತಿ ಹಚ್ಚಿ ತಂದು ಒಲೆಯ ಬಾಯಲ್ಲಿ ಹಿಡಿಯುತ್ತಾರೆ. ಅದರ ಹೊಗೆ ಸರ್ರನೆ ಒಳಗೆ ಸೆಳೆದುಕೊಂಡು ಹೋದರೆ ಕೆಲಸ ಆಯಿತು. ಅಲ್ಲೇ ಸುತ್ತಾಡಿದರೆ ಮಗ ಮತ್ತೆ ಏಣಿ ಹತ್ತಬೇಕು. “ಒಲೆಗೂ ಉಸ್ರು ಬೇಕು ಕಣ್ ಮಗ. ಅದ್ರ ಉಸ್ರು ಕಟ್ಟುದ್ರೆ ನಮ್ದೂ ಕಟ್ತದೆ” ಅನ್ನುತ್ತಾರೆ. ಎಳ್ಳಷ್ಟೂ ಖರ್ಚಿಲ್ಲದ ಕೆಲಸ. ಬೇಕಾದದ್ದು ಹಗ್ಗ, ಪೊರಕೆ, ಇಬ್ಬರು ಮನುಷ್ಯರು, ಒಂದು ಬೆಳಗು. ಆ ಮನೆಯ ಬಚ್ಚಲ ಗೋಡೆ ಇವತ್ತಿಗೂ ಬೆಳ್ಳಗಿದೆ, ಅತ್ತೆಗೆ ಕೆಮ್ಮಿಲ್ಲ.

ಹೊಗೆಯ ದಾರಿಯನ್ನು ಜೋಪಾನ ಮಾಡುವುದು ಮಂಡ್ಯದವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಯಾವುದಾದರೂ ಆಲೆಮನೆಗೆ ಹೋಗಿ ನೋಡಿ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆದ್ದ ಮಡ್ಡಿ ತೆಗೆಯುತ್ತಿರುತ್ತಾರೆ. ಕೊಪ್ಪರಿಗೆಯ ಕೆಳಗೆ ಒಬ್ಬಾತ ಬಿಸಿಲಿಗೆ ಒಣಗಿಸಿದ ಕಬ್ಬಿನ ರಚ್ಚನ್ನು ಸಿಂಬೆ ಸಿಂಬೆಯಾಗಿ ಒಲೆಗೆ ತಳ್ಳುತ್ತಾನೆ. ಗಾಣದಿಂದ ಆಗತಾನೆ ಬಂದ ರಚ್ಚಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅದನ್ನು ಹರವಿ ಒಣಗಿಸದೆ ಯಾರೂ ಒಲೆಗೆ ಹಾಕುವುದಿಲ್ಲ. ಪಾಕ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದಾಗ ಇಳಿಸಬೇಕು. ಉರಿ ಮಂದವಾಗಿ ಕಾಯುವ ಹೊತ್ತು ಲಂಬಿಸಿದರೆ ಬೆಲ್ಲ ಕಪ್ಪಾಗುತ್ತದೆ, ಅಚ್ಚಿನಲ್ಲಿ ಗಟ್ಟಿಯಾಗದೆ ಜಿಬುಗುಟ್ಟುತ್ತದೆ. ಹಾಗಾಗಿ ಒಲೆಯ ಹಿಂದಿನ ಚಿಮಣಿ ಸರಿಯಾಗಿ ಸೆಳೆಯುತ್ತಿದೆಯೋ ಇಲ್ಲವೋ ಎಂದು ಆತ ಪದೇ ಪದೇ ಕತ್ತೆತ್ತಿ ನೋಡುತ್ತಾನೆ. ಗಾಣ ನಿಲ್ಲಿಸಿದ ದಿನ ಮಾಡುವ ಮೊದಲ ಕೆಲಸ ಹೊಗೆ ದಾರಿಯ ಬೂದಿ ತೋಡುವುದು. “ಹೊಗೆ ಹಿಂದುಕ್ಕೆ ಹೊಡೀತು ಅಂದ್ರೆ ಬೆಲ್ಲ ಕೆಡ್ತು ಅಂತ್ಲೆ ಲೆಕ್ಕ ಕಣಣ್ಣ” ಎಂದು ಮದ್ದೂರಿನ ಹತ್ತಿರದ ಆಲೆಮನೆಯೊಂದರಲ್ಲಿ ಒಲೆ ನೋಡಿಕೊಳ್ಳುವವರು ನನಗೆ ಹೇಳಿದರು.

ಕೆಲವು ಕಡೆ ರಚ್ಚನ್ನು ಮಾರಿಕೊಂಡು ಹಳೆಯ ಟೈರು, ಪ್ಲಾಸ್ಟಿಕ್ ಉರಿಸುತ್ತಾರೆ ಅನ್ನುವ ದೂರುಗಳಿವೆ. ಅದು ಬೆಲ್ಲಕ್ಕೂ ಊರಿಗೂ ಮಾಡುವ ದ್ರೋಹ, ಯಾವ ಚಿಮಣಿಯೂ ಅದನ್ನು ಸರಿಮಾಡದು. ಆದರೆ ನೇರ್ಪಾಗಿ ನಡೆಯುವ ಆಲೆಮನೆಯಲ್ಲಿ ಹೊಗೆಯ ದಾರಿಗೆ ಸಿಗುವ ಮರ್ಯಾದೆ ದೊಡ್ಡದು. ಕಾರ್ಖಾನೆಗಳಲ್ಲಿ ಇನ್ನೂ ಬಿಗಿ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ 1933ರಲ್ಲಿ ನಿಲ್ಲುವುದಕ್ಕೂ ಮೊದಲೇ, 1923ರಲ್ಲಿ, ಬ್ರಿಟಿಷ್ ಭಾರತದಲ್ಲಿ ಬಾಯ್ಲರ್ ಕಾಯ್ದೆ ಬಂದಿತ್ತು. ತನಿಖೆ ಮಾಡಿಸಿ ಪ್ರಮಾಣಪತ್ರ ಹೊಸದು ಮಾಡಿಸದೆ ಬಾಯ್ಲರ್ ಉರಿಸುವಂತಿಲ್ಲ. ಬೆಲ್ಲಕ್ಕೆ ಬೆಲೆ ಇದೆ, ಆದ್ದರಿಂದ ಆಲೆಮನೆಯ ಚಿಮಣಿಗೆ ಕಾವಲಿದೆ. ಕಾರ್ಖಾನೆಗೆ ಕಾನೂನಿದೆ, ಆದ್ದರಿಂದ ಅಲ್ಲಿಯೂ ಇದೆ. ಮನೆಯ ಒಲೆಯ ಮುಂದೆ ಕೂತವರ ಉಸಿರಿಗೆ ಪೇಟೆಯಲ್ಲಿ ದರ ಇಲ್ಲ, ಕಚೇರಿಯಲ್ಲಿ ಕಡತ ಇಲ್ಲ. ಅದಕ್ಕೇ ಆ ಕೊಳವೆ ಅನಾಥವಾಯಿತು.

ಚಳಿ ದೇಶಗಳು ಈ ಪಾಠ ಕಲಿತದ್ದು ಬಹಳ ನೋವುಂಡು. ಇಂಗ್ಲೆಂಡಿನ ಹಳೆಯ ಮನೆಗಳ ಇಕ್ಕಟ್ಟಾದ ಹೊಗೆಗೂಡುಗಳೊಳಗೆ ಐದಾರು ವರ್ಷದ ಮಕ್ಕಳನ್ನು ಹತ್ತಿಸಿ ಮಸಿ ಕೆರೆಸುತ್ತಿದ್ದರು. ಹಾಗೆ ಬೆಳೆದವರಿಗೆ ಮಸಿಯಿಂದಲೇ ಕ್ಯಾನ್ಸರ್ ಬರುತ್ತದೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದರು. ದುಡಿಮೆಯ ಜಾಗದ ವಸ್ತುವೊಂದಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನು ಗುರುತಿಸಿದ ಮೊದಲ ಬರಹಗಳಲ್ಲಿ ಅದೊಂದು. 1788ರಲ್ಲಿ ಕಾನೂನು ಬಂತು, 1840ರಲ್ಲಿ ಇನ್ನೊಂದು ಬಂತು, ಪಾಲಿಸುವವರಿರಲಿಲ್ಲ. 1875ರಲ್ಲಿ ಬಾಲಕನೊಬ್ಬ ಚಿಮಣಿಯೊಳಗೆ ಸಿಕ್ಕಿಕೊಂಡು ಸತ್ತ ಮೇಲೆ ಅದೇ ವರ್ಷ ಬಿಗಿಯಾದ ಕಾಯ್ದೆ ಬಂದು ಆ ಕ್ರೌರ್ಯ ನಿಂತಿತು. ಜರ್ಮನಿಯಲ್ಲಿ ಚಿಮಣಿ ಗುಡಿಸುವುದು ತರಬೇತಿ ಪಡೆದವರ ಗೌರವದ ಕಸುಬು. ಮನೆಯ ಹೊಗೆ ದಾರಿಯನ್ನು ಕಾಲಕಾಲಕ್ಕೆ ಅವರಿಂದ ತಪಾಸಣೆ ಮಾಡಿಸಲೇಬೇಕೆಂದು ಅಲ್ಲಿ ಕಾನೂನಿದೆ. ಹೊಸ ವರ್ಷಕ್ಕೆ ಕಪ್ಪು ಅಂಗಿಯ ಆ ಕಸುಬುದಾರ ಎದುರಾದರೆ ಶುಭಶಕುನವೆಂದು ಜನ ನಂಬುತ್ತಾರೆ.

ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಈಗ ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ಹಳೆಯ ಮನೆಗಳನ್ನು ಕೊಂಡು ಬಾಳುತ್ತಿದ್ದಾರೆ. ನಡುಮನೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಇರುತ್ತದೆ, ಹಿಮ ಬಿದ್ದ ರಾತ್ರಿ ಬೆಂಕಿ ಹಾಕಿಕೊಳ್ಳುವ ಆಸೆಯೂ ಇರುತ್ತದೆ. ಅವರಿಗೂ ಎರಡು ಮಾತು ಹೇಳಬೇಕು. ಅಲ್ಲಿ ಹೊರಗಿನ ಚಳಿಗೆ ಹೊಗೆ ಬೇಗ ತಣಿದು ಕ್ರಿಯೋಸೋಟ್ ಎಂಬ ಅಂಟು ಕೊಳವೆಗೆ ಹಿಡಿಯುತ್ತದೆ. ಅದು ಹೊತ್ತಿಕೊಂಡರೆ ಚಿಮಣಿಯೊಳಗೇ ಬೆಂಕಿ ಏಳುತ್ತದೆ, ಇಟ್ಟಿಗೆ ಬಿರಿಯುತ್ತದೆ, ಮಾಡಿಗೆ ಹರಡುತ್ತದೆ. ಆದ್ದರಿಂದಲೇ ಚಿಮಣಿಯನ್ನು ವರ್ಷಕ್ಕೊಂದು ಸಲ ತಪಾಸಣೆ ಮಾಡಿಸಬೇಕೆಂದು ಅಮೆರಿಕದ ಅಗ್ನಿ ಸುರಕ್ಷತೆಯ ನಿಯಮ ಹೇಳುತ್ತದೆ. ಸೌದೆಯಲ್ಲಿ ನೀರಿನಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಹಕ್ಕಿ ಗೂಡು ಕಟ್ಟದಂತೆ ಚಿಮಣಿಯ ತಲೆಗೆ ಜಾಲರಿಯ ಮುಚ್ಚಳ ಬೇಕು. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮೋನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಕೊಡಗು, ಚಿಕ್ಕಮಗಳೂರಿನ ಹಳೆಯ ತೋಟದ ಬಂಗಲೆಗಳ ಅಗ್ಗಿಷ್ಟಿಕೆಗೂ ಇದೇ ಮಾತು ಸಲ್ಲುತ್ತದೆ.

ಮಂಡ್ಯದ ಮಾಗಿಗೆ ಅಂಥ ಚಳಿಯಿಲ್ಲ, ನಿಜ. ಗ್ಯಾಸೂ ಬಂದಿದೆ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆ ಬಡವರ ಮನೆಗೂ ಸಿಲಿಂಡರ್ ತಲುಪಿಸಿತು. ಆದರೆ ಸಿಲಿಂಡರಿನ ಗ್ಯಾಸನ್ನು ಸ್ನಾನದ ನೀರಿಗೆ ಸವೆಸಲು ಯಾರಿಗೂ ಮನಸ್ಸು ಬರುವುದಿಲ್ಲ. ತೋಟದಲ್ಲಿ ತೆಂಗಿನ ಮಟ್ಟೆ ಬಿದ್ದಿರುವಾಗ ನೀರು ಕಾಯುವುದು ಹಂಡೆಯಲ್ಲೇ, ಇಲ್ಲವೆ ಸೌದೆ ಬಾಯ್ಲರಿನಲ್ಲೇ. ಈ ನಡುವೆ ಮನೆ ಬದಲಾಯಿತು. ಹೆಂಚು ಇಳಿಸಿ ಆರ್‌ಸಿಸಿ ಹಾಕಿದೆವು. ಹೊಗೆ ಸೋರಿಹೋಗುತ್ತಿದ್ದ ನೂರಾರು ಸಂದಿಗಳು ಒಂದೇ ದಿನದಲ್ಲಿ ಮುಚ್ಚಿಹೋದವು. ಈಗ ಉಳಿದಿರುವುದು ಕೊಳವೆಯ ದಾರಿಯೊಂದೇ. ಹೆಂಚಿನ ಮನೆಯಲ್ಲಿ ಕೊಳವೆ ಕಟ್ಟಿದರೆ ಕಣ್ಣು ಉರಿಯುತ್ತಿತ್ತು. ತಾರಸಿ ಮನೆಯ ಮುಚ್ಚಿದ ಬಚ್ಚಲಿನಲ್ಲಿ ಕಟ್ಟಿದರೆ ಪ್ರಾಣಕ್ಕೇ ಕುತ್ತು. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ಚಳಿಗಾಲದಲ್ಲಿ ಮತ್ತೆ ಮತ್ತೆ ಓದುತ್ತೇವೆ. ಸೌದೆಯಾಗಲಿ ಗ್ಯಾಸಾಗಲಿ, ಉರಿಯುವ ಜಾಗಕ್ಕೆ ಗಾಳಿ ಒಳಗೆ ಬರಲು ಒಂದು ದಾರಿ, ಹೊಗೆ ಹೊರಗೆ ಹೋಗಲು ಒಂದು ದಾರಿ ಇರಲೇಬೇಕು.

ಇನ್ನೊಂದು ಎಚ್ಚರಿಕೆ. ಹಳೆಯ ಕಲ್ನಾರು ಕೊಳವೆಯನ್ನು ಒಣಗಿದ್ದಾಗ ಗಸಗಸ ಉಜ್ಜಬೇಡಿ, ಕೊಯ್ಯಬೇಡಿ, ಒಡೆಯಬೇಡಿ. ಅದರ ನಾರಿನ ಧೂಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಬಿರುಕು ಬಿಟ್ಟಿದ್ದರೆ ನೀರಿನಿಂದ ಚೆನ್ನಾಗಿ ನೆನೆಸಿ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಇಡಿಯಾಗಿ ಇಳಿಸಿ ಕಬ್ಬಿಣದ ಇಲ್ಲವೆ ಸ್ಟೀಲಿನ ಕೊಳವೆ ಹಾಕಿಸಿ. ಹೊಸದು ಹಾಕಿಸುವಾಗ ಗಾರೆಯವರಿಗೆ ಮೂರು ಮಾತು ಹೇಳಿ: ಕೊಳವೆ ಆದಷ್ಟೂ ನೆಟ್ಟಗಿರಲಿ, ತಾರಸಿಯಿಂದ ಮೂರಡಿಯಾದರೂ ಮೇಲಿರಲಿ, ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಒಂದು ಕಿಂಡಿ ಇರಲಿ. ಆ ಕಿಂಡಿ ಇದ್ದರೆ ಮುಂದಿನ ಇಪ್ಪತ್ತು ವರ್ಷದ ಕೆಲಸ ಸುಲಭ.

ಈ ಕೆಲಸಕ್ಕೆ ಹೊಸ ದಿನ ಹುಡುಕಬೇಕಾಗಿಲ್ಲ, ನಮ್ಮ ಹಿರಿಯರೇ ಇಟ್ಟುಕೊಟ್ಟಿದ್ದಾರೆ. ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬ ಬರುತ್ತದೆ. ಅವತ್ತು ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೊರಳಿಗೆ ಹೂ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಮಳೆಗಾಲದ ಅರೆಹಸಿ ಸೌದೆಯ ಹೊಗೆಯೆಲ್ಲ ಕೊಳವೆಯಲ್ಲಿ ಕೂತಿರುವ ಕಾಲವೂ ಅದೇ, ಮಾಗಿಗೆ ಒಲೆ ಹೆಚ್ಚು ಉರಿಯಲು ಶುರುವಾಗುವ ಕಾಲವೂ ಅದೇ. ಚಳಿ ದೇಶದವರು ಚಿಮಣಿ ಗುಡಿಸಲು ಆರಿಸಿಕೊಂಡಿರುವುದೂ ಚಳಿಗಾಲಕ್ಕೆ ಮುಂಚಿನ ಈ ತಿಂಗಳುಗಳನ್ನೇ. ಹಂಡೆಯನ್ನು ಅಷ್ಟು ಚೆಂದ ಬೆಳಗುವ ನಾವು ಅದರ ಬೆನ್ನಿಗಿರುವ ಕೊಳವೆಯನ್ನು ಮರೆಯುವುದು ಸರಿಯಲ್ಲ. ಮನೆಯ ಹೆಂಗಸರು ಹಂಡೆ ತಿಕ್ಕುವ ಹೊತ್ತಿಗೆ ಮನೆಯ ಗಂಡಸರು ಏಣಿ ಹತ್ತಲಿ. ಮೇಲೆ ಹತ್ತಲು ಕೈಲಾಗದ ಹಿರಿಯರಷ್ಟೇ ಇರುವ ಮನೆ ಪಕ್ಕದಲ್ಲಿದ್ದರೆ ಅಲ್ಲಿಗೂ ಹಗ್ಗ, ಪೊರಕೆ ಒಯ್ಯಿರಿ. ಸ್ತ್ರೀಶಕ್ತಿ ಸಂಘಗಳು, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಊರಿಗಿಬ್ಬರು ಹುಡುಗರಿಗೆ ಕಲಿಸಿ, ಕೂಲಿ ಕೊಟ್ಟು, ಹಬ್ಬಕ್ಕೆ ಮೊದಲೇ ಇಡೀ ಊರಿನ ಕೊಳವೆಗಳನ್ನು ಬಿಡಿಸಬಹುದು.

ಈ ವರ್ಷ ಹಂಡೆಗೆ ನೀರು ತುಂಬುವ ಮೊದಲು ನಿಮ್ಮ ಮನೆಯ ಕೊಳವೆಗೆ ಒಮ್ಮೆ ಹಗ್ಗ ಬಿಡಿ. ಊರಿಗೆ ಫೋನ್ ಮಾಡಿದಾಗ ಊಟವಾಯಿತೇ ಎಂದು ಕೇಳಿದ ಮೇಲೆ, ಬಚ್ಚಲೊಲೆಯ ಹೊಗೆ ಮೇಲಕ್ಕೆ ಹೋಗುತ್ತಿದೆಯೇ ಎಂದೂ ಅಮ್ಮನನ್ನು ಕೇಳಿ.